ಕ್ಯಾಸೆಟ್ಟಿನಿಂದ ಡಿಸ್ಕಿಗೆ: ತರೀಕೆರೆ ಸೀಮೆಯ ಮದುವೆ ವಿಡಿಯೋ

ತರೀಕೆರೆ, ಕಡೂರು, ಬೀರೂರು, ಅಜ್ಜಂಪುರದ ಪೇಟೆಬೀದಿಗಳಲ್ಲಿ ಮದುವೆ ವಿಡಿಯೋ ಒಂದು ಕಸುಬಾಗಿ ನೆಲೆ ನಿಂತದ್ದು ವಿಎಚ್‌ಎಸ್ ಕ್ಯಾಸೆಟ್ಟಿನ ಕಾಲದಲ್ಲಿ. ಜಪಾನಿನ ಜೆವಿಸಿ ಕಂಪನಿ ಈ ಕ್ಯಾಸೆಟ್ಟನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಶುರುವಾಯಿತು; ಮರುವರ್ಷ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿವಿ ದೇಶಕ್ಕೆ ಕಾಲಿಟ್ಟಿತು. ಟಿವಿ ಮನೆಗೆ ಬಂದ ಮೇಲೆ ಅದರೊಳಗೆ ತಮ್ಮವರನ್ನೇ ಕಾಣುವ ಆಸೆ ಹುಟ್ಟಲು ಬಹಳ ಕಾಲ ಬೇಕಾಗಲಿಲ್ಲ. ಅಲ್ಲಿಯವರೆಗೆ ಮದುವೆ ಫೋಟೋ ತೆಗೆದು ಆಲ್ಬಂ ಕಟ್ಟಿಕೊಡುತ್ತಿದ್ದ ಸ್ಟುಡಿಯೋಗಳೇ ವಿಡಿಯೋ ಕೆಲಸವನ್ನೂ ಕೈಗೆತ್ತಿಕೊಂಡವು. ಹೆಗಲ ಮೇಲೆ ಹೊರುವ ಪ್ಯಾನಾಸೋನಿಕ್ ಕ್ಯಾಮೆರಾ, ಕಣ್ಣು ಕುಕ್ಕುವ ಸನ್‌ಗನ್ ಲೈಟು, ಆ ಲೈಟಿನ ವೈರು ಎಳೆದುಕೊಂಡು ಹಿಂದೆ ಓಡಾಡುವ ಹುಡುಗ, ಇವು ಮೂರೂ ಕಲ್ಯಾಣಮಂಟಪದ ನೋಟದ ಭಾಗವೇ ಆಗಿಹೋದವು.

ಈ ವಿಡಿಯೋವನ್ನು ಚಿಕ್ಕದಾಗಿ ಕತ್ತರಿಸುವುದು ಸುಲಭವಿರಲಿಲ್ಲ. ಈ ಸೀಮೆಯ ಮದುವೆಯಲ್ಲಿ ಹಿಂದಿನ ಸಂಜೆಯ ಆರತಕ್ಷತೆ, ಬೆಳಗಿನ ಧಾರೆ, ಊಟದ ಪಂಕ್ತಿ, ಬೀಗರೂಟ ಎಲ್ಲವೂ ದಾಖಲಾಗಬೇಕು. ಮುಯ್ಯಿ ಹಿಡಿದು ವೇದಿಕೆ ಹತ್ತಿದ ಪ್ರತಿಯೊಬ್ಬರ ಮುಖವೂ ಕಾಣಬೇಕು. ಒಂದು ಸಂಸಾರ ಬಿಟ್ಟುಹೋದರೂ ಆಮೇಲೆ ಮಾತು ಬರುತ್ತದೆ. ಯಾರು ಬಂದಿದ್ದರು, ಯಾರು ಬರಲಿಲ್ಲ ಎಂಬುದರ ಲೆಕ್ಕದ ಪುಸ್ತಕವೂ ಅದೇ. ಹಾಗಾಗಿ ಮೂರು ನಾಲ್ಕು ತಾಸಿನ ವಿಡಿಯೋ ಅಪರೂಪವಲ್ಲ. ಮುಂದೆ ಕ್ಯಾಸೆಟ್ಟು ಹೋಗಿ ಡಿಸ್ಕು ಬಂದಾಗ ಚಿತ್ರ ಉಳಿಯಿತೋ ಕೆಟ್ಟಿತೋ ಎಂಬುದನ್ನು ಕ್ಯಾಮೆರಾಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಈ ಉದ್ದವೇ.

ವಿಎಚ್‌ಎಸ್‌ನಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಭಾರತ ಒಪ್ಪಿಕೊಂಡ ಪಾಲ್ ಪದ್ಧತಿಯಲ್ಲಿ ಚಿತ್ರಕ್ಕೆ 625 ಗೆರೆ, ಅದರಲ್ಲಿ ಕಣ್ಣಿಗೆ ಬೀಳುವವು 576. ಸೆಕೆಂಡಿಗೆ 25 ಫ್ರೇಮು. ಆದರೆ ಅಡ್ಡಡ್ಡಲಾಗಿ ವಿಎಚ್‌ಎಸ್ ಹಿಡಿದಿಡಬಲ್ಲ ಸೂಕ್ಷ್ಮತೆ ಸುಮಾರು 240 ಗೆರೆಯಷ್ಟು ಮಾತ್ರ. ಬಣ್ಣಕ್ಕೆ ದೊರೆಯುವ ಜಾಗ ಅದಕ್ಕಿಂತಲೂ ಕಡಿಮೆಯಾದ್ದರಿಂದ ಧಾರೆ ಸೀರೆಯ ಕೆಂಪು ಅಂಚು ದಾಟಿ ಪಕ್ಕದವರ ಬಿಳಿ ಪಂಚೆಗೂ ಹರಿಯುತ್ತಿತ್ತು. ಎಡಿಟಿಂಗ್ ಎಂದರೆ ಎರಡು ವಿಸಿಆರ್ ಜೋಡಿಸಿ ಒಂದರಿಂದ ಇನ್ನೊಂದಕ್ಕೆ ತುಂಡುತುಂಡಾಗಿ ಇಳಿಸುವುದು. ನಡುವೆ ಮಿಕ್ಸರ್ ಇಟ್ಟರೆ ಹೃದಯದ ಆಕಾರದ ಕಿಟಕಿ, ಪುಟ ಮಗುಚುವ ಆಟ, ವಧೂವರರ ಹೆಸರು ಎಲ್ಲ ಸೇರುತ್ತಿತ್ತು. ಕ್ಯಾಮೆರಾದ ಕ್ಯಾಸೆಟ್ಟು ಮೊದಲ ತಲೆಮಾರಾದರೆ ಮಿಕ್ಸಿಂಗ್ ಆದದ್ದು ಎರಡನೆಯದು; ಗಂಡಿನ ಕಡೆಗೂ ಹೆಣ್ಣಿನ ಕಡೆಗೂ ಕೊಟ್ಟ ಪ್ರತಿ ಮೂರನೆಯದು. ಪ್ರತಿ ಇಳಿತದಲ್ಲೂ ಚಿತ್ರ ಮಸುಕಾಗುತ್ತಿತ್ತು, ಗೊರಗೊರ ಸದ್ದು ಏರುತ್ತಿತ್ತು. ಸೋದರಮಾವನಿಗೆಂದು ಇನ್ನೊಂದು ಪ್ರತಿ ಮಾಡಿಸಿದರೆ ಅದರಲ್ಲಿ ಮುಖವನ್ನು ಗುರುತು ಹಿಡಿಯುವುದಕ್ಕಿಂತ ಊಹಿಸುವುದೇ ಹೆಚ್ಚು.

ಮೂಲ ಕ್ಯಾಸೆಟ್ಟೂ ಹಾಗೆಯೇ ಉಳಿಯುತ್ತಿರಲಿಲ್ಲ. ಈ ಸೀಮೆಯಲ್ಲಿ ಎರಡು ಹವೆಗಳಿವೆ. ಪಡುವಲಿನ ಲಕ್ಕವಳ್ಳಿ, ಲಿಂಗದಹಳ್ಳಿ, ಕೆಮ್ಮಣ್ಣುಗುಂಡಿಯ ತಪ್ಪಲು ಮಲೆನಾಡಿನ ಮಳೆಗೆ ಸೇರಿದವು. ಮೂಡಲಿನ ಕಡೂರು, ಈಗ ಬೇರೆ ತಾಲ್ಲೂಕಾಗಿರುವ ಅಜ್ಜಂಪುರ ಒಣ ಬಯಲು. ಮಳೆಯ ಕಡೆಯ ಬೀರುವಿನಲ್ಲಿ ಇಟ್ಟ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಬಯಲಿನ ಕಡೆ ಟೇಪಿಗೂ ವಿಸಿಆರ್‌ನ ಹೆಡ್ಡಿಗೂ ನಡುವೆ ಧೂಳು ಕೂರುತ್ತದೆ. ಒಂದು ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೆಯೇ ತಳ್ಳಿದರೆ ಹೆಡ್ಡು ಕೊಳೆಯಾಗಿ, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿನ ಚಿತ್ರವೂ ಮಂಜಾಗುತ್ತಿತ್ತು.

ಮೊದಲು ಜನರ ಕೈಗೆ ಸಿಕ್ಕ ಡಿಸ್ಕು ವಿಸಿಡಿ. ಫಿಲಿಪ್ಸ್, ಸೋನಿ, ಮತ್ಸುಶಿತಾ, ಜೆವಿಸಿ ಕಂಪನಿಗಳು 1993ರಲ್ಲಿ ಇದರ ನಿಯಮಗಳನ್ನು ಗೊತ್ತುಪಡಿಸಿದವು. ಪಾಲ್ ದೇಶಗಳಿಗೆ ಚಿತ್ರದ ಅಳತೆ 352 x 288. ಎಂಪೆಗ್-1 ವಿಧಾನದಲ್ಲಿ ಚಿತ್ರಕ್ಕೆ ಸೆಕೆಂಡಿಗೆ 1150 ಕಿಲೋಬಿಟ್, ಧ್ವನಿಗೆ 224. ಒಂದು ಡಿಸ್ಕಿಗೆ 74 ನಿಮಿಷ, ದೊಡ್ಡ ಸಿಡಿಯಾದರೆ 80. ಮೂರು ತಾಸಿನ ಮದುವೆಗೆ ಮೂರು ಡಿಸ್ಕು ಬೇಕು. ಪ್ರತಿ ಮಾಡಿದಷ್ಟೂ ಮಸುಕಾಗುವ ಕ್ಯಾಸೆಟ್ಟಿನ ರೋಗ ಇದಕ್ಕಿರಲಿಲ್ಲ. ಹತ್ತನೆಯ ಪ್ರತಿಯೂ ಮೊದಲಿನಂತೆಯೇ. ಆದರೆ ಮೊದಲನೆಯದೇ ಬಡವಾಗಿತ್ತು. ಟಿವಿಯ ಚಿತ್ರ ಎರಡು ಫೀಲ್ಡುಗಳಿಂದ ಆದದ್ದು: ಬೆಸ ಗೆರೆಗಳದ್ದೊಂದು, ಸರಿ ಗೆರೆಗಳದ್ದೊಂದು. ವಿಸಿಡಿಗೆ ಹೋಗುವಾಗ ಸಾಮಾನ್ಯವಾಗಿ ಒಂದು ಫೀಲ್ಡನ್ನು ಎಸೆದೇಬಿಡುತ್ತಿದ್ದರು. ಅರ್ಧ ಗೆರೆ ಹೋಯಿತು, ಅದರ ಜತೆಗೆ ಚಲನೆಯ ನಯವೂ ಅರ್ಧ ಹೋಯಿತು. ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ವಿಸಿಡಿ ಮಾಡಿಸಿ, ಮೂಲವನ್ನು ಗುಜರಿಗೆ ಹಾಕಿದ ಮನೆಗಳು ಕಳೆದುಕೊಂಡದ್ದು ಇದನ್ನೇ.

ಚಿತ್ರೀಕರಣದ ಕಡೆ ಅಷ್ಟರಲ್ಲಿ ದೊಡ್ಡ ಬದಲಾವಣೆ ನಡೆದಿತ್ತು. 1995ರಲ್ಲಿ ಡಿವಿ ಟೇಪು ಬಂತು. ಅಂಗೈಯಗಲದ ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಒಂದು ತಾಸು ಹಿಡಿಯುತ್ತಿತ್ತು. ಚಿತ್ರಕ್ಕೆ ಸೆಕೆಂಡಿಗೆ 25 ಮೆಗಾಬಿಟ್. ಸೋನಿಯ ಪಿಡಿ150, ಪಿಡಿ170, ಪ್ಯಾನಾಸೋನಿಕ್‌ನ ಎಂಡಿ ಸರಣಿಯ ಕ್ಯಾಮೆರಾಗಳು ಮದುವೆ ಕೆಲಸಕ್ಕೆ ಹೆಸರಾದವು. ಡಿವಿಯ ನಿಜವಾದ ಗುಣ ಫೈರ್‌ವೈರ್ ಕೇಬಲ್ಲಿನಲ್ಲಿತ್ತು. ಅದರ ಮೂಲಕ ಕಂಪ್ಯೂಟರಿಗೆ ಇಳಿಸಿದರೆ ಟೇಪಿನಲ್ಲಿದ್ದ ಅಂಕಿಗಳು ಹಾಗೆಯೇ ಬರುತ್ತವೆ, ಒಂದು ಬಿಟ್ಟೂ ಬದಲಾಗುವುದಿಲ್ಲ. ಪ್ರತಿ ಫ್ರೇಮೂ ತನ್ನಷ್ಟಕ್ಕೆ ಪೂರ್ಣವಾದ್ದರಿಂದ ಎಲ್ಲಿ ಬೇಕಾದರೂ ಕತ್ತರಿಸಬಹುದು. ಕತ್ತರಿಸದ ಭಾಗಕ್ಕೆ ಏನೂ ಆಗುವುದಿಲ್ಲ. ಕಷ್ಟವಿದ್ದದ್ದು ಜಾಗಕ್ಕೆ. ಒಂದು ತಾಸಿನ ಡಿವಿ ಸುಮಾರು 13 ಜಿಬಿ ತಿನ್ನುತ್ತದೆ. ಫ್ಯಾಟ್32 ಪದ್ಧತಿಯ ಹಾರ್ಡ್‌ಡಿಸ್ಕಿನಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ, ಅಂದರೆ ಸುಮಾರು 19 ನಿಮಿಷ. ಜಾಗ ಉಳಿಸಲೆಂದು ಟೇಪಿನಿಂದ ನೇರವಾಗಿ ಎಂಪೆಗ್ ಮಾಡಿ ಇಳಿಸಿಕೊಂಡ ಕಡೆಯೆಲ್ಲ ಗುಣಮಟ್ಟ ಎಡಿಟಿಂಗ್ ಶುರುವಾಗುವ ಮೊದಲೇ ಸೋರಿಹೋಯಿತು.

ಡಿವಿಡಿ 1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತಾದರೂ ಮನೆಯ ಕಂಪ್ಯೂಟರಿನಲ್ಲಿ ಅದನ್ನು ರೈಟ್ ಮಾಡುವುದು ಸಾಮಾನ್ಯರ ಕೈಗೆ ಎಟುಕಿದ್ದು 2001ರ ನಂತರ. 720 x 576ರ ಪೂರ್ಣ ಚಿತ್ರ, ಎರಡೂ ಫೀಲ್ಡು, ಎಂಪೆಗ್-2 ವಿಧಾನ, ಚಿತ್ರಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 9.8 ಮೆಗಾಬಿಟ್. ಡಿವಿ ಟೇಪಿನಲ್ಲಿದ್ದದ್ದೆಲ್ಲ ಇದರಲ್ಲಿ ಕಾಣುವಂತೆ ಹಿಡಿಯುತ್ತದೆ, ಅತಿಯಾಗಿ ತುರುಕದಿದ್ದರೆ.

ತುರುಕುವುದರ ಲೆಕ್ಕ ಇಷ್ಟೇ. ಒಂದು ಪದರದ ಡಿಸ್ಕಿನಲ್ಲಿ 4.7 ಜಿಬಿ ಜಾಗ. ಕಂಪ್ಯೂಟರ್ ತನ್ನ ರೀತಿಯಲ್ಲಿ ಎಣಿಸಿ ಅದನ್ನೇ 4.38 ಎಂದು ತೋರಿಸುತ್ತದೆ. ಒಂದು ತಾಸಿನ ವಿಡಿಯೋವಾದರೆ ಚಿತ್ರಕ್ಕೂ ಧ್ವನಿಗೂ ಸೇರಿ ಸೆಕೆಂಡಿಗೆ 10 ಮೆಗಾಬಿಟ್ ಸಿಗುತ್ತದೆ. ಎರಡು ತಾಸಿಗೆ 5.2. ಮೂರಕ್ಕೆ 3.5. ನಾಲ್ಕು ತಾಸು ತುರುಕಿದರೆ 2.6. ಇದರಲ್ಲೇ ಧ್ವನಿಯ ಪಾಲೂ ಹೋಗಬೇಕು. ಧ್ವನಿಯನ್ನು ಹಿಂಡದೆ ಪಿಸಿಎಂ ಆಗಿ ಬಿಟ್ಟರೆ ಅದೊಂದೇ 1.5 ಮೆಗಾಬಿಟ್ ನುಂಗುತ್ತದೆ. ಎರಡು ತಾಸಿನ ಡಿಸ್ಕಿನಲ್ಲಿ ಕಾಲು ಪಾಲಿಗಿಂತ ಹೆಚ್ಚು ಜಾಗ ವಾಲಗದ ಪಾಲಾಯಿತೆಂದೇ ಅರ್ಥ. ಡಾಲ್ಬಿ ಡಿಜಿಟಲ್ ಮಾಡಿ 192ಕ್ಕೋ 256 ಕಿಲೋಬಿಟ್‌ಗೋ ಇಳಿಸಿದರೆ ನಾದಸ್ವರಕ್ಕೆ ಯಾವ ಅನ್ಯಾಯವೂ ಆಗುವುದಿಲ್ಲ, ಚಿತ್ರಕ್ಕೆ ಉಸಿರು ಸಿಗುತ್ತದೆ.

ಗಿರಾಕಿಗೆ ಈ ಲೆಕ್ಕ ಹೇಳುವುದು ಕಷ್ಟವಾಗಿತ್ತು, ಅದಕ್ಕೆ ಕಾರಣ ಬಸ್‌ಸ್ಟ್ಯಾಂಡಿನ ಬಳಿಯೇ ಇತ್ತು. ಒಂದೇ ಡಿವಿಡಿಯಲ್ಲಿ ನಾಲ್ಕೈದು ಸಿನಿಮಾ ತುಂಬಿದ ಕಳ್ಳ ಪ್ರತಿಗಳು ಆ ದಿನಗಳಲ್ಲಿ ಎಲ್ಲ ಊರಿನಲ್ಲೂ ಮಾರಾಟವಾಗುತ್ತಿದ್ದವು. ಐದು ಸಿನಿಮಾ ಹಿಡಿಯುವ ಡಿಸ್ಕಿನಲ್ಲಿ ಒಂದು ಮದುವೆ ಹಿಡಿಯದೆ? ಕೇಳುವವರ ಕಡೆಯಿಂದ ನೋಡಿದರೆ ಪ್ರಶ್ನೆಯಲ್ಲಿ ತಪ್ಪಿಲ್ಲ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ಸಿನಿಮಾದ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದ ಮೇಲೆ ಡಿಸ್ಕು ಎಂದರೆ ಅಗ್ಗದ ವಸ್ತು ಎಂಬ ಭಾವನೆ ಇನ್ನೂ ಬಲವಾಯಿತು. ಮದುವೆಯನ್ನು ಎರಡು ಡಿಸ್ಕಿಗೆ ಹಂಚುವುದೇ ಎಲ್ಲಕ್ಕಿಂತ ಸುಲಭದ ಪರಿಹಾರವಾಗಿತ್ತು. ಆರತಕ್ಷತೆಗೆ ಒಂದು, ಧಾರೆಗೆ ಒಂದು. ಹಾಗೆ ಮಾಡಿದವರ ಡಿಸ್ಕುಗಳು ಇವತ್ತಿಗೂ ನೋಡುವಂತಿವೆ.

ಬಿಟ್ ಕಡಿಮೆಯಾದರೆ ಚಿತ್ರಕ್ಕೆ ಏನಾಗುತ್ತದೆ ಎಂಬುದು ಮದುವೆಯಲ್ಲೇ ಚೆನ್ನಾಗಿ ಕಾಣುತ್ತದೆ. ಎಂಪೆಗ್-2 ಎಲ್ಲ ಫ್ರೇಮುಗಳನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಪಾಲ್ ಡಿವಿಡಿಯಲ್ಲಿ ಹೆಚ್ಚೆಂದರೆ 15 ಫ್ರೇಮಿಗೊಂದು ಪೂರ್ಣ ಚಿತ್ರ. ನಡುವಿನವಕ್ಕೆ ಹಿಂದುಮುಂದಿನದಕ್ಕಿಂತ ಏನು ಬದಲಾಯಿತು ಎಂಬುದರ ಟಿಪ್ಪಣಿ ಮಾತ್ರ. ವಧೂವರರು ವೇದಿಕೆಯ ಮೇಲೆ ಸುಮ್ಮನೆ ನಿಂತಿದ್ದರೆ ಟಿಪ್ಪಣಿ ಚಿಕ್ಕದು, 2 ಮೆಗಾಬಿಟ್ಟೂ ಸಾಕು. ಮುಹೂರ್ತದ ಗಳಿಗೆ ಬರುತ್ತದೆ, ಗಟ್ಟಿಮೇಳ ಮೊಳಗುತ್ತದೆ, ಮಂಟಪದ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ. ನೂರಾರು ಕಾಳು, ಒಂದೊಂದಕ್ಕೂ ಒಂದೊಂದು ದಾರಿ; ಹಿಂದಿನ ಫ್ರೇಮಿನಿಂದ ಎತ್ತಿಕೊಳ್ಳಲು ಏನೂ ಇಲ್ಲ. ಜತೆಗೆ ಹೋಮದ ಹೊಗೆ, ಫೋಟೋದವರ ಫ್ಲ್ಯಾಶು, ಜರಿಯ ಮಿನುಗು, ಹಿಂದೆ ಓಡುವ ಸೀರಿಯಲ್ ಸೆಟ್ಟು. ಬಿಟ್‌ರೇಟನ್ನು 4 ಮೆಗಾಬಿಟ್‌ಗೆ ಕಟ್ಟಿಹಾಕಿದ್ದರೆ ಆ ಕ್ಷಣಕ್ಕೆ ಸಾಲದೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಹೀಗೆ ಇಡೀ ಮದುವೆಯಲ್ಲಿ ಯಾವ ಅರ್ಧ ನಿಮಿಷಕ್ಕಾಗಿ ವಿಡಿಯೋ ಮಾಡಿಸಿದರೋ ಅದೇ ಅರ್ಧ ನಿಮಿಷ ಎಲ್ಲಕ್ಕಿಂತ ಹದಗೆಟ್ಟು ಬರುವುದು ಸಾಮಾನ್ಯವಾಯಿತು.

ಮದ್ದು ಗೊತ್ತಿತ್ತು. ವಿಡಿಯೋ ಹಿಂಡುವ ಎನ್‌ಕೋಡರನ್ನು ಎರಡು ಸುತ್ತು ಓಡಿಸಬೇಕು: ಮೊದಲ ಸುತ್ತಿನಲ್ಲಿ ಎಲ್ಲಿ ಕಷ್ಟ, ಎಲ್ಲಿ ಸುಲಭ ಎಂದು ಅಳೆದುಕೊಳ್ಳುತ್ತದೆ, ಎರಡನೆಯದರಲ್ಲಿ ಮುಯ್ಯಿಯ ಸಾಲಿನಿಂದ ಉಳಿಸಿದ ಬಿಟ್ಟುಗಳನ್ನು ಅಕ್ಷತೆಗೆ ಕೊಡುತ್ತದೆ. ಟಿಎಂಪೆಗ್‌ಎನ್‌ಕ್, ಕ್ಯಾನೋಪಸ್ ಪ್ರೊಕೋಡರ್‌ನಂಥ ತಂತ್ರಾಂಶಗಳಲ್ಲಿ ಈ ಸೌಲಭ್ಯ ಇತ್ತು. ಆದರೆ ಎರಡು ಸುತ್ತೆಂದರೆ ಎರಡು ಪಟ್ಟು ಹೊತ್ತು. ಆ ಕಾಲದ ಪೆಂಟಿಯಂ ಯಂತ್ರದಲ್ಲಿ ಮೂರು ತಾಸಿನ ಮದುವೆಗೆ ಇಡೀ ರಾತ್ರಿ ಬೇಕಾಗುತ್ತಿತ್ತು. ನಡುವೆ ಕರೆಂಟು ಹೋಗಿ ಯುಪಿಎಸ್ ಕೂಡ ಸುಮ್ಮನಾದರೆ ಮತ್ತೆ ಮೊದಲಿನಿಂದ. ಭದ್ರಾ ಅಣೆಕಟ್ಟಿನ ವಿದ್ಯುದಾಗಾರ ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಾದರೂ ಲೋಡ್‌ಶೆಡ್ಡಿಂಗ್ ಈ ಊರುಗಳನ್ನು ಬಿಟ್ಟಿರಲಿಲ್ಲ. ಲಗ್ನಗಳ ಕಾಲದಲ್ಲಿ ಕೆಲಸ ಸಾಲುಗಟ್ಟಿದಾಗ ಒಂದೇ ಸುತ್ತಿನಲ್ಲಿ ಮುಗಿಸಿಬಿಡುವ ಆಸೆಗೆ ಇಷ್ಟು ಕಾರಣ ಸಾಕು.

ಹೊರಾಂಗಣ ಚಿತ್ರೀಕರಣ ರೂಢಿಗೆ ಬಂದ ಮೇಲೆ ಅಕ್ಷತೆಗೆ ಜೊತೆಗಾರರು ಸಿಕ್ಕರು. ಕಲ್ಲತ್ತಿಗಿರಿಯ ಜಲಪಾತದ ಮುಂದೆ ಹೊಸ ಜೋಡಿಯನ್ನು ನಿಲ್ಲಿಸಿದರೆ ಬೀಳುವ ನೀರಿನಲ್ಲಿ ಯಾವ ಎರಡು ಫ್ರೇಮೂ ಒಂದೇ ಥರ ಇರುವುದಿಲ್ಲ. ಗಾಳಿಗೆ ತೂಗುವ ಅಡಿಕೆ ಸೋಗೆಯ ಹಿನ್ನೆಲೆಯೂ ಅಷ್ಟೇ. ಅಂತರಘಟ್ಟೆ ಜಾತ್ರೆಗೆ ಹೊರಟ ಎತ್ತಿನ ಗಾಡಿಗಳು ಎಬ್ಬಿಸುವ ಧೂಳು ಬಹುಶಃ ಎಲ್ಲಕ್ಕಿಂತ ಕಠಿಣ: ಅಂಚಿಲ್ಲದ, ನಿಲ್ಲದೆ ಬದಲಾಗುವ ಕೆಂಪು ಪರದೆ. ಕತ್ತಲಲ್ಲಿ ಕ್ಯಾಮೆರಾದ ಗೇನ್ ಏರಿಸಿ ತೆಗೆದಾಗ ಮೂಡುವ ಕಾಳುಕಾಳು ಕೂಡ ಎನ್‌ಕೋಡರಿಗೆ ಚಲನೆಯಂತೆಯೇ ಕಂಡು ಬಿಟ್ಟುಗಳನ್ನು ವ್ಯರ್ಥವಾಗಿ ಎಳೆದುಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ಹಳೆಯ ಸನ್‌ಗನ್ ಲೈಟು, ಕಣ್ಣಿಗೆ ಎಷ್ಟೇ ಹಿಂಸೆಯಾದರೂ, ಡಿಸ್ಕಿಗೆ ಉಪಕಾರಿ.

ಹೆಚ್ಚಿನ ಹಾನಿ ಆದದ್ದು ಒಂದೇ ವಿಡಿಯೋವನ್ನು ಎರಡು ಸಲ ಹಿಂಡಿದ ಕಡೆ. ಎಡಿಟಿಂಗ್ ಮುಗಿದ ಮೇಲೆ ಡಿವಿಯಾಗಿಯೇ ಹೊರತೆಗೆದು, ಕೊನೆಗೊಮ್ಮೆ ಮಾತ್ರ ಎಂಪೆಗ್-2 ಮಾಡಿ ಡಿಸ್ಕಿಗೆ ಹಾಕುವುದು ಸರಿಯಾದ ಕ್ರಮ. ಹಾಗಲ್ಲದೆ ಎಡಿಟಿಂಗ್ ತಂತ್ರಾಂಶದಿಂದಲೇ ಎಂಪೆಗ್ ಹೊರತೆಗೆದು ಬೇರೊಂದು ತಂತ್ರಾಂಶದಲ್ಲಿ ಮೆನು ಕೂಡಿಸುವಾಗ, ಅದು ಕೇಳದೆಯೇ ಮತ್ತೊಮ್ಮೆ ಹಿಂಡಿಬಿಡುತ್ತಿತ್ತು. ಬಿಟ್‌ರೇಟ್ ನಿಯಮ ಮೀರಿದ್ದರೆ, ಧ್ವನಿ 48 ಕಿಲೋಹರ್ಟ್ಸ್ ಇಲ್ಲದಿದ್ದರೆ, ಒಟ್ಟು ಗಾತ್ರ ಡಿಸ್ಕಿಗಿಂತ ಸ್ವಲ್ಪ ಹೆಚ್ಚಿದ್ದರೆ ಹೀಗಾಗುತ್ತಿತ್ತು. ಹಳೆಯ ವಿಸಿಡಿಯಿಂದ ಡಿವಿಡಿ ಮಾಡಿಸುವುದಂತೂ ಖಾಲಿ ದುಡ್ಡು: 288 ಗೆರೆಯ ಚಿತ್ರವನ್ನು ಹಿಗ್ಗಿಸಿದರೆ 576 ಗೆರೆಯ ಸೂಕ್ಷ್ಮತೆ ಹುಟ್ಟುವುದಿಲ್ಲ. ವಿಎಚ್‌ಎಸ್ ಮೂಲದ ಉದ್ದನೆಯ ಮದುವೆಗೆ ಜಾಣ ದಾರಿ ಬೇರೆಯಿತ್ತು. ಡಿವಿಡಿ ನಿಯಮಗಳು 352 x 576 ಅಳತೆಯನ್ನೂ ಒಪ್ಪುತ್ತವೆ. ಹೇಗೂ 240 ಗೆರೆಯ ಸೂಕ್ಷ್ಮತೆಯಷ್ಟೇ ಇರುವ ಕ್ಯಾಸೆಟ್ಟಿಗೆ ಅಷ್ಟು ಅಗಲ ಸಾಕು. ಅರ್ಧ ಚುಕ್ಕೆಗಳಿಗೆ ಅಷ್ಟೇ ಬಿಟ್ ಸಿಕ್ಕಾಗ ನಾಲ್ಕು ತಾಸೂ ಒಡೆಯದೆ ನಿಲ್ಲುತ್ತದೆ. ಬಳಸಿದವರು ಕಡಿಮೆ. ದೊಡ್ಡ ಅಂಕಿ ಇದ್ದರೆ ಒಳ್ಳೆಯದು ಎಂಬ ನಂಬಿಕೆ ಅಂಗಡಿಯ ಎರಡೂ ಕಡೆ ಗಟ್ಟಿಯಾಗಿತ್ತು.

ಫೀಲ್ಡುಗಳ ಸರದಿ ಇನ್ನೊಂದು ಸುಳಿ. ಪಾಲ್ ಡಿವಿಯಲ್ಲಿ ಕೆಳಗಿನ ಫೀಲ್ಡು ಮೊದಲು. ಆಮೇಲೆ ಬಂದ ಇಂಟರ್‌ಲೇಸ್ ಎಚ್‌ಡಿಯಲ್ಲಿ ಮೇಲಿನದು ಮೊದಲು. ರೆಂಡರ್ ಮಾಡುವಾಗ ಸರದಿ ತಪ್ಪಿದರೆ ಪ್ರತಿ ಚಲನೆಯೂ ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬಂದಂತೆ ನಡುಗುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಈ ದೋಷ ಕಾಣದೆ ಹೋಗಬಹುದು, ಟಿವಿಗೆ ಹಾಕಿದ ಕೂಡಲೇ ಕಾಣುತ್ತದೆ. ಎಡಿಟಿಂಗ್ ಮೇಜಿನ ಪಕ್ಕ ಒಂದು ಹಳೆಯ ಡಬ್ಬಾ ಟಿವಿ ಇಟ್ಟುಕೊಂಡು, ನಡಿಗೆಯ ದೃಶ್ಯವೊಂದನ್ನು ಅದರಲ್ಲಿ ನೋಡಿಯೇ ಮುಂದುವರಿಯುವ ಪದ್ಧತಿ ಇದಕ್ಕಾಗಿಯೇ ಹುಟ್ಟಿದ್ದು.

ರೈಟ್ ಮಾಡಿದ ಡಿಸ್ಕು ಸಿನಿಮಾ ಕಂಪನಿ ಅಚ್ಚೊತ್ತಿದ ಡಿಸ್ಕಿನಂತಲ್ಲ. ಅದರಲ್ಲಿ ಮಾಹಿತಿ ಉಳಿಯುವುದು ಲೇಸರ್ ಸುಟ್ಟ ಬಣ್ಣದ ಪದರದಲ್ಲಿ. ಬಿಸಿಲು, ಶಾಖ, ತೇವ ಮೂರೂ ಅದಕ್ಕೆ ಆಗದು. ಅಗ್ಗದ ಡಿಸ್ಕನ್ನು ಗರಿಷ್ಠ ವೇಗದಲ್ಲಿ ರೈಟ್ ಮಾಡಿದಾಗ ಸ್ಟುಡಿಯೋದ ಯಂತ್ರ ಓದಿದರೂ ಮನೆಯ ಪ್ಲೇಯರ್ ಓದದೆ ತಡವರಿಸುತ್ತಿತ್ತು. ಗರಿಷ್ಠ ಬಿಟ್‌ರೇಟನ್ನು 8 ಮೆಗಾಬಿಟ್‌ನೊಳಗೆ ಇಟ್ಟು, ವೇಗ ತಗ್ಗಿಸಿ, ಫೈನಲೈಸ್ ಮಾಡುವುದು ಅನುಭವಿಗಳ ರೂಢಿ. ವಧೂವರರ ಫೋಟೋ ಇರುವ ಕಾಗದದ ಸ್ಟಿಕ್ಕರ್ ಅಂಟಿಸುವುದು ಚೆಂದಕ್ಕೆ ಸರಿ, ಡಿಸ್ಕಿನ ಸಮತೂಕಕ್ಕೆ ಕೇಡು. ಸಿಡಿಯಲ್ಲಿ ಮಾಹಿತಿಯ ಪದರ ಹೆಸರು ಬರೆಯುವ ಬದಿಯ ತೆಳುವಾದ ಮೆರುಗೆಣ್ಣೆಯ ಕೆಳಗೇ ಇರುತ್ತದೆ, ಮೊನಚು ಪೆನ್ನಿಗೂ ಸಾಯುತ್ತದೆ. ಡಿವಿಡಿಯಲ್ಲಿ ಅದು 0.6 ಮಿಲಿಮೀಟರಿನ ಎರಡು ಹಾಳೆಗಳ ನಡುವೆ ಕೊಂಚ ಕ್ಷೇಮ.

2006ರಲ್ಲಿ ಎಚ್‌ಡಿ ಚಿತ್ರೀಕರಣದ ಎವಿಸಿಎಚ್‌ಡಿ ಪದ್ಧತಿಯೂ ಬ್ಲೂ-ರೇ ಡಿಸ್ಕೂ ಬಂದವು. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದ ಮೇಲೆ ಫೋಟೋ ಕ್ಯಾಮೆರಾವೇ ವಿಡಿಯೋ ಕ್ಯಾಮೆರಾವಾಯಿತು. ಬ್ಲೂ-ರೇ ಡಿಸ್ಕಿನ ಒಂದು ಪದರಕ್ಕೆ 25 ಜಿಬಿ ಹಿಡಿಯುತ್ತದಾದರೂ ಅದರ ಪ್ಲೇಯರ್ ಜನರ ಮನೆ ಸೇರಲಿಲ್ಲ. ಹಾಗಾಗಿ ಹಲವು ವರ್ಷ 1920 x 1080ರಲ್ಲಿ ತೆಗೆದು 720 x 576ಕ್ಕೆ ಇಳಿಸಿಕೊಡುವ ವಿಚಿತ್ರ ನಡೆಯಿತು. ಅಗಲ ಪರದೆಯ ಗುರುತು ಹಾಕಲು ಮರೆತರೆ ವಧುವಿನ ಮುಖ ಉದ್ದವಾಗಿ ಸೊರಗುತ್ತಿತ್ತು. 5ಡಿ ಮೊದಲಿಗೆ ಸೆಕೆಂಡಿಗೆ 30 ಫ್ರೇಮು ಮಾತ್ರ ಹಿಡಿಯುತ್ತಿತ್ತು. 25 ಫ್ರೇಮು 2010ರ ಫರ್ಮ್‌ವೇರ್ ಜತೆ ಬಂತು. ಅದಕ್ಕೆ ಮುಂಚಿನದನ್ನು ಪಾಲ್ ಡಿವಿಡಿಗೆ ಹಾಕಿದಾಗ ನಡಿಗೆ ಎಡವುತ್ತಿತ್ತು.

ಆಮೇಲೆ ಪೆನ್‌ಡ್ರೈವ್ ಬಂದು ಡಿಸ್ಕಿನ ಲೆಕ್ಕವನ್ನೇ ಮುಗಿಸಿತು. ಎಚ್.264 ವಿಡಿಯೋವನ್ನು ಟಿವಿ ನೇರವಾಗಿ ಓದತೊಡಗಿತು, ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇಲ್ಲವಾಯಿತು. ಕೊನೆಯ ವಿಸಿಆರ್ ತಯಾರಕರಾಗಿ ಉಳಿದಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಕೈಬಿಟ್ಟಿತು. ಸೋನಿ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕಿನ ಜತೆ ಮಿನಿ ಡಿವಿ ಕ್ಯಾಸೆಟ್ಟಿನ ತಯಾರಿಕೆಯನ್ನೂ ನಿಲ್ಲಿಸಿತು.

ಈಗ ಸ್ಟುಡಿಯೋಗಳಿಗೆ ಬರುವ ಹಳೆಯ ಕೆಲಸ ತಿರುಗುಮುರುಗು: ಡಿಸ್ಕಿನಿಂದ, ಕ್ಯಾಸೆಟ್ಟಿನಿಂದ ಪೆನ್‌ಡ್ರೈವಿಗೆ. ಇದರಲ್ಲೂ ಮೂಲಕ್ಕೆ ಹತ್ತಿರವಾದಷ್ಟೂ ಚಿತ್ರ ಚೆನ್ನ ಎಂಬ ಹಳೆಯ ನಿಯಮವೇ ನಡೆಯುತ್ತದೆ. ಮಿನಿ ಡಿವಿ ಟೇಪು ಉಳಿದಿದ್ದರೆ ಡಿವಿಡಿಯನ್ನು ಬಿಟ್ಟು ಅದನ್ನೇ ಫೈರ್‌ವೈರ್‌ನಲ್ಲಿ ಇಳಿಸಬೇಕು. ವಿಎಚ್‌ಎಸ್ ಮೂಲ ಇದ್ದರೆ ಬೂಷ್ಟು ತೆಗೆಸಿ, ಹೆಡ್ಡು ಒರೆಸಿ, ವಿಸಿಡಿಗಿಂತ ಮೊದಲು ಅದನ್ನು ಹಾಕಿ ನೋಡಬೇಕು. ಡಿವಿಡಿಯೊಂದೇ ಇದ್ದಲ್ಲಿ ಅದನ್ನು ಎಂಪಿ4 ಮಾಡಿಸುವ ಮೊದಲು, ಒಳಗಿರುವ ವಿಒಬಿ ಫೈಲುಗಳನ್ನು ಹಾಗೆಯೇ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಳ್ಳುವುದು ಒಳ್ಳೆಯದು. ಒಂದು ಜಿಬಿಯ ತುಂಡುಗಳಾಗಿರುವ ಅವನ್ನು ಮತ್ತೆ ಹಿಂಡದೆಯೇ ಒಂದೇ ಫೈಲಾಗಿ ಜೋಡಿಸಬಹುದು. ಮೊಬೈಲಿನಲ್ಲಿ ನೋಡಲು ಫೀಲ್ಡುಗಳನ್ನು ಬಿಡಿಸಿ ಸೆಕೆಂಡಿಗೆ 50 ಫ್ರೇಮಿನ ಇನ್ನೊಂದು ಪ್ರತಿ ಮಾಡಿಕೊಂಡರೆ ವಿಸಿಡಿಯ ಕಾಲದಲ್ಲಿ ಎಸೆಯುತ್ತಿದ್ದ ಚಲನೆಯ ನಯ ಪೂರ್ತಿಯಾಗಿ ಸಿಗುತ್ತದೆ.